ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯವರು ಹೊಸ ಗೀಸರ್ ಕೊಂಡರು. ಹಳೆಯದರಲ್ಲಿ ನೀರು ಚೆನ್ನಾಗಿಯೇ ಕಾಯುತ್ತಿತ್ತು, ಆದರೆ ಅದನ್ನು ಹಾಕಿದಾಗಲೆಲ್ಲ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಹೊಸತನ್ನು ಕೂರಿಸಿದ ಮರುದಿನ ಬೆಳಿಗ್ಗೆಯೂ ಕರೆಂಟು ಹೋಯಿತು. ಕೊನೆಗೆ ಸಿಕ್ಕಿಬಿದ್ದದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಹಳೆಯ ಗ್ರೈಂಡರ್. ಅದರ ಸ್ವಿಚ್ ಆರಿಸಿತ್ತು, ಪ್ಲಗ್ ಮಾತ್ರ ತಿಂಗಳುಗಟ್ಟಲೆ ಸಾಕೆಟ್ಟಿನಲ್ಲೇ ಇತ್ತು. ಮಗುಚಿ ನೋಡಿದರೆ, ದೋಸೆ ಹಿಟ್ಟಿನ ನೀರು ತಳಕ್ಕೆ ಇಳಿದು ಒಣಗಿ, ತಗಡು ತುಕ್ಕು ಹಿಡಿದು, ಕಪ್ಪು ವೈರಿನ ಸಿಪ್ಪೆ ಹರಿದು ಒಳಗಿನ ತಾಮ್ರ ಆ ತಗಡಿಗೆ ಅಂಟಿಕೊಂಡಿತ್ತು.

ಆರಿಸಿಟ್ಟ ಗ್ರೈಂಡರಿನ ತಪ್ಪು ಗೀಸರಿನ ತಲೆಗೆ ಹೇಗೆ ಬಂತು ಎಂಬುದು ಅರ್ಥವಾದರೆ ಟ್ರಿಪ್ಪಿನ, ಅಂದರೆ ಕರೆಂಟು ತಾನೇ ಕಡಿದುಹೋಗುವುದರ, ಕಾರಣ ಹುಡುಕುವ ಕೆಲಸ ಮುಕ್ಕಾಲು ಪಾಲು ಮುಗಿದಂತೆ. ಹೆಚ್ಚಿನವರು ಎಡವುವುದೂ ಅಲ್ಲಿಯೇ.

ಮೊದಲು, ಬಿದ್ದದ್ದು ಯಾವುದೆಂದು ನೋಡಿ

ಕತ್ತಲಾದ ಕೂಡಲೇ ಸಿಕ್ಕಿದ ಸ್ವಿಚ್ಚನ್ನೆಲ್ಲ ಮೇಲೆತ್ತುವ ಅಭ್ಯಾಸ ಬೇಡ. ಟಾರ್ಚ್ ಹಿಡಿದು, ಒಣ ಕೈಯಲ್ಲಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬಾಕ್ಸಿನ ಬಾಗಿಲು ತೆರೆಯಿರಿ. ಸಾಲಾಗಿರುವ ಸಣ್ಣ ಸ್ವಿಚ್ಚುಗಳು ಎಂಸಿಬಿಗಳು. ಅವುಗಳಿಗಿಂತ ಅಗಲವಾಗಿದ್ದು, ‘ಟಿ’ ಅಥವಾ ‘ಟೆಸ್ಟ್’ ಎಂದು ಬರೆದ ಗುಂಡಿ ಇರುವುದು ಆರ್‌ಸಿಸಿಬಿ. ಹಳೆಯ ಎಲೆಕ್ಟ್ರಿಷಿಯನ್ನರು ಇದನ್ನು ಇಂದಿಗೂ ಇಎಲ್‌ಸಿಬಿ ಎಂದೇ ಕರೆಯುತ್ತಾರೆ.

ಎಂಸಿಬಿ ಬಿದ್ದಿದ್ದರೆ, ಅಂದರೆ ಅದರ ಹಿಡಿ ತಾನೇ ಕೆಳಗಿಳಿದಿದ್ದರೆ, ವೈರಿನಲ್ಲಿ ಹರಿಯಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಹರಿದಿದೆ ಎಂದರ್ಥ. ಆರ್‌ಸಿಸಿಬಿ ಬಿದ್ದಿದ್ದರೆ, ಫೇಸಿನಲ್ಲಿ ಹೋದ ಕರೆಂಟು ಪೂರ್ತಿಯಾಗಿ ನ್ಯೂಟ್ರಲ್ಲಿನಲ್ಲಿ ಹಿಂದಿರುಗದೆ ಸ್ವಲ್ಪ ಭೂಮಿಗೆ ಸೋರುತ್ತಿದೆ ಎಂದರ್ಥ. ಎರಡೂ ಬೇರೆ ಬೇರೆ ಕಾಯಿಲೆಗಳು, ಎರಡಕ್ಕೂ ಬೇರೆ ಬೇರೆ ಹುಡುಕಾಟ. ಯಾವುದೂ ಬೀಳದೆ ಕರೆಂಟು ಹೋಗಿದ್ದರೆ ಬೀದಿಯ ದೀಪ ನೋಡಿ, ಅಗತ್ಯವಿದ್ದರೆ 1912ಕ್ಕೆ ಕರೆ ಮಾಡಿ. ಸುಟ್ಟ ವಾಸನೆ, ಚಟಚಟ ಸದ್ದು ಅಥವಾ ಮುಟ್ಟಿದರೆ ಬಿಸಿಯಾಗಿರುವ ಡಿಬಿ ಕಂಡುಬಂದರೆ ಈ ಲೇಖನವನ್ನು ಇಲ್ಲಿಗೇ ಮಡಚಿಟ್ಟು, ಮೇನ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.

ಎಂಸಿಬಿ ಬಿದ್ದಿದ್ದರೆ

ಇದು ಸುಲಭದ ಪ್ರಕರಣ. ಮೇಲೆತ್ತಿದ ಕ್ಷಣದಲ್ಲೇ ಬಿದ್ದರೆ ಶಾರ್ಟ್ ಆಗಿದೆ. ಆ ಸಾಲಿನ, ಅಂದರೆ ಆ ಎಂಸಿಬಿಯಿಂದ ಕರೆಂಟು ಹೋಗುವ, ಪ್ಲಗ್ಗುಗಳನ್ನೆಲ್ಲ ಕಿತ್ತು ಒಂದೊಂದಾಗಿ ಹಾಕುತ್ತ ಬಂದರೆ ಕೆಟ್ಟ ಉಪಕರಣ ತಾನೇ ಹೊರಬೀಳುತ್ತದೆ. ಹತ್ತಿಪ್ಪತ್ತು ನಿಮಿಷ ನಿಂತು ಬಿದ್ದರೆ ಹೊರೆ ಹೆಚ್ಚಾಗಿದೆ. 3000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪ್ಸ್ ಎಳೆಯುತ್ತದೆ. ಅದೇ 16 ಆಂಪ್ಸಿನ ಎಂಸಿಬಿಯ ಮೇಲೆ ಇಂಡಕ್ಷನ್ ಒಲೆಯನ್ನೂ ಇಟ್ಟರೆ ಅದು ಬೀಳಲೇಬೇಕು. ಹೊರೆ ಕಡಿಮೆಯಿದ್ದೂ ಬೀಳುತ್ತಿದ್ದರೆ ಎಂಸಿಬಿಯ ಸ್ಕ್ರೂ ಸಡಿಲಾಗಿ ಅಲ್ಲೇ ಬಿಸಿಯಾಗುತ್ತಿರಬಹುದು, ಅಥವಾ ವೋಲ್ಟೇಜ್ ತಗ್ಗಿ ಮೋಟರ್ ತಿರುಗಲಾರದೆ ಹೆಚ್ಚು ಎಳೆಯುತ್ತಿರಬಹುದು.

ಇಲ್ಲಿ ಎಲ್ಲರಿಗೂ ಹೊಳೆಯುವ ಅಡ್ಡದಾರಿಯೆಂದರೆ 16ರ ಜಾಗದಲ್ಲಿ 32 ಆಂಪ್ಸಿನ ಎಂಸಿಬಿ ಕೂರಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಹಿಂದೆ ಫ್ಯೂಸಿಗೆ ಎರಡೆಳೆ ದಪ್ಪ ತಂತಿ ಕಟ್ಟುತ್ತಿದ್ದರಲ್ಲ, ಇದು ಅದರದೇ ಹೊಸ ರೂಪ: ಟ್ರಿಪ್ ನಿಲ್ಲುತ್ತದೆ, ವೈರು ಬೇಯುತ್ತದೆ.

ಆರ್‌ಸಿಸಿಬಿ ಬಿದ್ದಿದ್ದರೆ

ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪ್ಸಿನ ಆರ್‌ಸಿಸಿಬಿ. ಸೋರಿಕೆ ಹದಿನೈದು ಮಿಲಿಆಂಪ್ಸ್ ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಬೀಳಬಹುದು, ಮೂವತ್ತಕ್ಕಂತೂ ಬೀಳಲೇಬೇಕು. ಸೋರಿಕೆ ಎರಡು ಬಗೆಯದು. ಫೇಸ್ ವೈರು ಭೂಮಿಗೆ ಸೋರಿದರೆ ಆ ಸಾಲಿನ ಎಂಸಿಬಿ ಎತ್ತಿದಾಗ ಅಥವಾ ಆ ಉಪಕರಣದ ಸ್ವಿಚ್ ಹಾಕಿದಾಗ ಮಾತ್ರ ಟ್ರಿಪ್ ಆಗುತ್ತದೆ, ಹಾಗಾಗಿ ಬೇಗ ಸಿಗುತ್ತದೆ. ನ್ಯೂಟ್ರಲ್ ವೈರು ಭೂಮಿಗೆ ತಾಗಿದ್ದರೆ ಅದು ಸಾಮಾನ್ಯ ಹುಡುಕಾಟಕ್ಕೆ ಸಿಗುವುದಿಲ್ಲ.

ಕಾರಣ ಸರಳವಾಗಿದೆ. ಗೋಡೆಯ ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ಸಾಮಾನ್ಯ ಒಂಟಿ ಎಂಸಿಬಿ ಕಡಿಯುವುದೂ ಫೇಸನ್ನು ಮಾತ್ರ. ಮನೆಯ ನ್ಯೂಟ್ರಲ್ಲುಗಳೆಲ್ಲ ಡಿಬಿಯಲ್ಲಿ ಒಂದೇ ಪಟ್ಟಿಗೆ ಸೇರಿರುತ್ತವೆ. ಆದ್ದರಿಂದ ಆರಿಸಿಟ್ಟ ಗ್ರೈಂಡರಿನ ನ್ಯೂಟ್ರಲ್, ಅಂದರೆ ಆ ಕಪ್ಪು ವೈರು, ಇಡೀ ಮನೆಯ ನ್ಯೂಟ್ರಲ್ಲಿನೊಂದಿಗೆ ಕೂಡಿಯೇ ಇರುತ್ತದೆ. ಬಚ್ಚಲಿನಲ್ಲಿ ಗೀಸರ್ ಹಾಕಿದಾಗ ಹಿಂದಿರುಗುವ ಸುಮಾರು 13 ಆಂಪ್ಸಿನಲ್ಲಿ ಒಂದು ಚೂರು, ನ್ಯೂಟ್ರಲ್ಲಿನ ದಾರಿ ಬಿಟ್ಟು ಗ್ರೈಂಡರಿನ ತಗಡಿನ ಮೂಲಕ ಅರ್ತಿಗೆ ಇಳಿಯುತ್ತದೆ. ಆ ಚೂರು 30 ಮಿಲಿಆಂಪ್ಸ್ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಬೀಳುವುದು ಗೀಸರ್ ಹಾಕಿದಾಗ, ಬಯ್ಯಿಸಿಕೊಳ್ಳುವುದೂ ಗೀಸರೇ.

ಆದ್ದರಿಂದ ಹುಡುಕಾಟವನ್ನು ಹೀಗೆ ನಡೆಸಿ. ಮೊದಲು ಎಲ್ಲ ಎಂಸಿಬಿಗಳನ್ನೂ ಇಳಿಸಿ. ನಂತರ ಮನೆಯ ಪ್ರತಿ ಪ್ಲಗ್ಗನ್ನೂ ಕೈಯಾರೆ ಕಿತ್ತು ಹೊರಗಿಡಿ. ಫ್ರಿಜ್ಜಿನ ಹಿಂದಿನದು, ಮಂಚದ ಕೆಳಗಿನ ಎಕ್ಸ್‌ಟೆನ್ಶನ್ ಬಾಕ್ಸ್, ಅಟ್ಟದ ಮೇಲಿನ ಟಿವಿ ಬೂಸ್ಟರ್, ಸಿಂಕಿನ ಕೆಳಗಿನ ನೀರು ಶುದ್ಧೀಕರಿಸುವ ಯಂತ್ರ, ಇವೇ ಮರೆತುಹೋಗುವಂಥವು. ‘ಅದು ಆಫ್ ಇದೆ, ಅದನ್ನೇಕೆ ಕೀಳಬೇಕು’ ಎಂದು ಮನೆಯಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ, ಕೀಳಲೇಬೇಕು. ಈಗ ಆರ್‌ಸಿಸಿಬಿಯನ್ನು ಪೂರ್ತಿ ಕೆಳಕ್ಕೆ ಒತ್ತಿ, ಆಮೇಲೆ ಮೇಲೆತ್ತಿ. ಅರ್ಧದಲ್ಲಿ ನಿಂತಿರುವ ಹಿಡಿಯನ್ನು ಹಾಗೇ ಎತ್ತಲು ಹೋಗಿ ‘ಇದೇ ಕೆಟ್ಟಿದೆ’ ಎಂದು ಹೊಸತು ತಂದವರನ್ನೂ ನಾನು ನೋಡಿದ್ದೇನೆ.

ಅದು ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ. ಎಲ್ಲವೂ ನಿಂತ ಮೇಲೆ, ಒಳ್ಳೆಯದೆಂದು ಖಾತ್ರಿಯಿರುವ ಹೆಚ್ಚು ಕರೆಂಟು ಎಳೆಯುವ ಒಂದು ಉಪಕರಣವನ್ನು ಹಾಕಬೇಕು. ನನ್ನ ಮಟ್ಟಿಗೆ ಇದಕ್ಕೆ 1000 ವಾಟಿನ ಇಸ್ತ್ರಿ ಪೆಟ್ಟಿಗೆಗಿಂತ ಒಳ್ಳೆಯ ಸಾಧನವಿಲ್ಲ. ಬೇರೆಯವರ ಮನೆಯ ಆರ್‌ಸಿಸಿಬಿಯಲ್ಲಿ ಅದು ಟ್ರಿಪ್ ಮಾಡಿಸದೆ ಬಿಸಿಯಾಗುತ್ತದೆಂಬುದನ್ನು ಮೊದಲೇ ನೋಡಿಟ್ಟುಕೊಂಡಿರಿ. ನಾಲ್ಕು ಆಂಪ್ಸಿಗಿಂತ ತುಸು ಹೆಚ್ಚು ಎಳೆಯುವ ಈ ಪೆಟ್ಟಿಗೆ ಕಾಯುತ್ತಿರುವಾಗ, ಉಳಿದ ಪ್ಲಗ್ಗುಗಳನ್ನು ಒಂದೊಂದಾಗಿ, ಅವುಗಳ ಸ್ವಿಚ್ ಹಾಕದೆಯೇ, ಸಾಕೆಟ್ಟಿಗೆ ಸೇರಿಸುತ್ತ ಬನ್ನಿ. ಸೇರಿಸಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಆ ಉಪಕರಣದ ನ್ಯೂಟ್ರಲ್ ಭೂಮಿಗೆ ತಾಗಿದೆ. ಗ್ರೈಂಡರ್ ನಮಗೆ ಸಿಕ್ಕಿದ್ದು ಹೀಗೆಯೇ. ಈ ಸುತ್ತಿನಲ್ಲಿ ಏನೂ ಸಿಗದಿದ್ದರೆ ಎರಡನೆಯ ಸುತ್ತಿನಲ್ಲಿ ಸ್ವಿಚ್ಚುಗಳನ್ನೂ ಒಂದೊಂದಾಗಿ ಹಾಕಿ. ಬೋರ್‌ವೆಲ್ಲಿನ ಗಡಸು ನೀರಿನಿಂದ ಹಕ್ಕಳೆ ಕಟ್ಟಿ ಬಿರಿದ ಗೀಸರ್ ಕಾಯಿಲ್, ನೀರು ಹೊಕ್ಕ ಸಂಪಿನ ಮೋಟರ್, ಹಳೆಯ ಇಮ್ಮರ್ಶನ್ ರಾಡ್ ಸಿಕ್ಕಿಬೀಳುವುದು ಆಗ.

ಕೆಲವೊಮ್ಮೆ ದೋಷ ಗಂಟೆಗಟ್ಟಲೆ ಮರೆಯಾಗಿರುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್ಜಿನೊಳಗೆ ಮಂಜು ಕರಗಿಸುವ ಸಣ್ಣ ಹೀಟರ್ ಇದ್ದು, ಅದು ಹಲವು ಗಂಟೆಗಳಿಗೊಮ್ಮೆ ಮಾತ್ರ ಉರಿಯುತ್ತದೆ. ಅದು ಸೋರುತ್ತಿದ್ದರೆ ಯಾರೂ ಏನನ್ನೂ ಮುಟ್ಟದ ನಡುರಾತ್ರಿಯಲ್ಲಿ ಟ್ರಿಪ್ ಆಗುತ್ತದೆ. ಅದಕ್ಕೇ ಡಿಬಿಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, ಬಿದ್ದ ಹೊತ್ತು, ಮಳೆಯಿತ್ತೇ, ಏನೇನು ಓಡುತ್ತಿತ್ತು ಎಂದು ಪೆನ್ಸಿಲ್ಲಿನಲ್ಲಿ ಬರೆದಿಡಬೇಕು. ಕಂಪ್ಯೂಟರ್ ಮತ್ತು ವಾಷಿಂಗ್ ಮಷಿನ್ನಿನಂಥವು ಕೆಡದೆಯೂ ಒಂದೆರಡು ಮಿಲಿಆಂಪ್ಸ್ ಸೋರುತ್ತವೆ. ಹತ್ತು ಕಡೆಯ ಸೋರಿಕೆ ಕೂಡಿ ಹದಿನೈದರ ಹತ್ತಿರ ಬಂದಿದ್ದರೆ ತಪ್ಪು ಯಾವ ಒಂದು ಉಪಕರಣದ್ದೂ ಅಲ್ಲ. ಮನೆಯನ್ನು ಎರಡು ಆರ್‌ಸಿಸಿಬಿಗಳಿಗೆ ಹಂಚುವುದೇ ಅದಕ್ಕೆ ಪರಿಹಾರ.

ಪ್ಲಗ್ಗುಗಳೆಲ್ಲ ಹೊರಗಿದ್ದೂ ಬೀಳುತ್ತಿದ್ದರೆ

ಎಲ್ಲ ಪ್ಲಗ್ ಕಿತ್ತಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ, ಅಥವಾ ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿದರೂ ಬಿದ್ದರೆ, ದೋಷ ಗೋಡೆಯೊಳಗಿನ ವೈರಿನಲ್ಲಿ, ಬೋರ್ಡುಗಳಲ್ಲಿ ಅಥವಾ ಆರ್‌ಸಿಸಿಬಿಯಲ್ಲೇ ಇರಬೇಕು. ಇಲ್ಲಿಂದ ಮುಂದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಅವರು ಮೇನ್ ಆರಿಸಿ, ನ್ಯೂಟ್ರಲ್ ಪಟ್ಟಿಯಿಂದ ವೈರುಗಳನ್ನು ಒಂದೊಂದಾಗಿ ಬಿಡಿಸಿ, 500 ವೋಲ್ಟಿನ ಮೆಗ್ಗರ್ (ವೈರಿನ ಸಿಪ್ಪೆ ಕರೆಂಟು ಸೋರಿಸುತ್ತಿದೆಯೇ ಎಂದು ಅಳೆಯುವ ಯಂತ್ರ) ಹಿಡಿದು ಪ್ರತಿ ಸಾಲನ್ನೂ ಅಳೆಯಬೇಕು. ಮೆಗ್ಗರ್ ಹಾಕುವ ಮುನ್ನ ಟಿವಿ, ಕಂಪ್ಯೂಟರುಗಳ ಪ್ಲಗ್ ಹೊರಗಿವೆಯೇ ಎಂದು ನೀವೇ ನೋಡಿಕೊಳ್ಳಿ. ಬರಿಯ ಟೆಸ್ಟರ್ ಹಿಡಿದು ಬಂದವರಿಂದ ಈ ಕೆಲಸ ಆಗದು. ನಿಮ್ಮ ಕಡೆಯಿಂದ ಎರಡು ಸುಳಿವು ಕೊಡಬಹುದು. ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ ಗೇಟಿನ ದೀಪ, ತಾರಸಿಯ ದೀಪ ಮತ್ತು ಕಾಲಿಂಗ್ ಬೆಲ್ಲಿನ ಬಟನ್ನನ್ನು ಮೊದಲು ಬಿಚ್ಚಿಸಿ. ಹೊರಗಿನ ಜೋಡಣೆಗೆ ಸುತ್ತಿದ ಅಗ್ಗದ ಇನ್ಸುಲೇಶನ್ ಟೇಪು ಒಂದು ಬೇಸಿಗೆಗೇ ಅಂಟು ಬಿಟ್ಟಿರುತ್ತದೆ. ಯುಪಿಎಸ್ ಹಾಕಿಸಿದ ಮೇಲೆ ಈ ಕಾಟ ಶುರುವಾಗಿದ್ದರೆ, ಅದರ ಫೇಸನ್ನು ಆರ್‌ಸಿಸಿಬಿಯ ಒಂದು ಕಡೆಯಿಂದಲೂ ನ್ಯೂಟ್ರಲ್ಲನ್ನು ಇನ್ನೊಂದು ಕಡೆಯಿಂದಲೂ ಎಳೆದಿದ್ದಾರೆಯೇ ಎಂದು ಕೇಳಿ.

ಪ್ಲಗ್ಗಿನ ಅರ್ತ್ ಪಿನ್ ಮುರಿದು, ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಟ್ರಿಪ್ ನಿಲ್ಲಿಸುವವರಿದ್ದಾರೆ. ಫೇಸ್ ತಾಗಿದ ಉಪಕರಣಕ್ಕೆ ಹೀಗೆ ಮಾಡಿದರೆ ಅದರ ಮೈಯೆಲ್ಲ ಕರೆಂಟು ನಿಂತು, ಮುಟ್ಟಿದವರ ಮೂಲಕ ನೆಲಕ್ಕೆ ಇಳಿಯಲು ಕಾಯುತ್ತಿರುತ್ತದೆ. ಆಕಾರ ಯಾವುದಿದ್ದರೂ ಒಳಸೇರುವ ಸರ್ವಪಿನ್ನಿನ ಎಕ್ಸ್‌ಟೆನ್ಶನ್ ಬಾಕ್ಸುಗಳಲ್ಲಿ ಅರ್ತ್ ಪಿನ್ ಗಟ್ಟಿಯಾಗಿ ಕೂರುವುದೇ ಅಪರೂಪ. ಅವುಗಳನ್ನು ಅಡುಗೆಮನೆಗೂ ಬಚ್ಚಲಿಗೂ ತರಲೇಬಾರದು.

ಇನ್ನೂ ದೊಡ್ಡ ಅಡ್ಡದಾರಿ ಆರ್‌ಸಿಸಿಬಿಯನ್ನೇ ತಪ್ಪಿಸಿ ವೈರು ಜೋಡಿಸಿಬಿಡುವುದು. ‘ಈಗ ಬೀಳಲ್ಲ ಬಿಡಿ ಸಾರ್’ ಎಂದು ಹೇಳಿ ಹಣ ಪಡೆದು ಹೊರಟವರ ಕೆಲಸವನ್ನು, ಅವರು ಬಾಗಿಲಲ್ಲಿ ನಿಂತಿರುವಾಗಲೇ ಪರೀಕ್ಷಿಸಬೇಕು. ‘ಟಿ’ ಗುಂಡಿ ಒತ್ತಿದ ಕೂಡಲೇ ಆರ್‌ಸಿಸಿಬಿ ಬೀಳಬೇಕು. ಬಿದ್ದ ಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ, ಯುಪಿಎಸ್ ಸಾಲನ್ನು ಬಿಟ್ಟು ಪ್ರತಿ ಸಾಕೆಟ್ಟಿಗೂ ಹಾಕಿ ನೋಡಿ. ಯಾವುದಾದರೂ ಒಂದರಲ್ಲಿ ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡರೆ, ಆ ಸಾಕೆಟ್ಟಿನ ವೈರು ಆರ್‌ಸಿಸಿಬಿಯ ಹೊರಗಿನಿಂದ ಬಂದಿದೆ; ಅವರನ್ನು ಒಳಗೆ ಕರೆದು ತೋರಿಸಿ.