ಹಳೆ ಪೋರ್ಷೆಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಬೇಡ್ವಾ? ಸೈನ್ ಹಾಕೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಅಮೆರಿಕದಲ್ಲಿರೋ ನಮ್ಮೋರಲ್ಲಿ ಸುಮಾರು ಜನಕ್ಕೆ ಮನೆ ಆಯ್ತು, ಮಕ್ಕಳು ಸ್ಕೂಲಿಗೆ ಹೋದ್ರು, ಟೊಯೋಟಾ ಸಿಯೆನ್ನಾ ವ್ಯಾನೂ ಬಂತು ಅನ್ನೋ ಹೊತ್ತಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯತ್ತೆ. ಹೊಸ ಪೋರ್ಷೆ ಕೈಗೆಟುಕಲ್ಲ, ಆದ್ರೆ ಹತ್ತು ಹದಿನೈದು ವರ್ಷ ಹಳೇ ಬಾಕ್ಸ್‌ಸ್ಟರೋ ಕೇಮನ್ನೋ ಹೊಸ ಕ್ಯಾಮ್ರಿ ದುಡ್ಡಿಗೇ ಸಿಗತ್ತೆ. ಊರಿಂದ ಅಪ್ಪ ಫೋನಲ್ಲಿ "ಎರಡೇ ಸೀಟೇನೋ? ಮಕ್ಕಳನ್ನ ಎಲ್ಲಿ ಕೂರಿಸ್ತೀಯ?" ಅಂತ ಕೇಳಿದ್ರೂ ಕಿವಿಗೆ ಬೀಳಲ್ಲ. ಇಲ್ಲಿ ಒಂದು ವಿಷಯ ಮಾತ್ರ ತಲೇಲಿ ಇಟ್ಕೊಳ್ಳಿ, ಕಾರಿನ ರೇಟು ಇಳಿದಿದೆಯೇ ಹೊರತು ಅದರ ಪಾರ್ಟ್ಸ್ ರೇಟೂ ಮೆಕ್ಯಾನಿಕ್ ಕೂಲಿನೂ ಇಳಿದಿಲ್ಲ, ರಿಪೇರಿ ಬಿಲ್ಲು ಬರೋದು ಹೊಸ ಪೋರ್ಷೆ ಲೆಕ್ಕದಲ್ಲೇ.

ಈ ಭಯ ಡೀಲರ್‌ಗೂ ಚೆನ್ನಾಗಿ ಗೊತ್ತು. ಕಾರಿನ ರೇಟು ಎಳೆದಾಡಿ ಮುಗಿಸಿ ಉಸ್ಸಪ್ಪಾ ಅಂತ ಕೂತಾಗ ಪಕ್ಕದ ಫೈನಾನ್ಸ್ ರೂಮಿಗೆ ಕರ್ಕೊಂಡು ಹೋಗಿ, ಇದೊಂದು ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಕೊಂಡುಬಿಡಿ ಸರ್, ತಿಂಗಳಿಗೆ ಬರೀ 80 ಡಾಲರ್ ಜಾಸ್ತಿ ಅಷ್ಟೇ ಅಂತಾರೆ. ಎಕ್ಸ್‌ಟೆಂಡೆಡ್ ವಾರಂಟಿ ಅಂದ್ರೆ ಕಂಪನಿ ವಾರಂಟಿ ಮುಗಿದ ಮೇಲೂ ರಿಪೇರಿ ಖರ್ಚು ಕೊಡ್ತೀವಿ ಅನ್ನೋ, ನೀವು ದುಡ್ಡು ಕೊಟ್ಟು ಕೊಳ್ಳೋ ಕಾಂಟ್ರಾಕ್ಟು. ಆ ರೂಮಲ್ಲಿ ಕೂತು ಯೋಚನೆ ಮಾಡೋಕೆ ಆಗಲ್ಲ, ಅಲ್ಲಿಗೆ ಹೋಗೋ ಮುಂಚೆನೇ ಮನೇಲಿ ತೀರ್ಮಾನ ಆಗಿರ್ಬೇಕು.

ಸ್ಟೆಪ್ 1: ಕಾರಲ್ಲಿ ಈಗಾಗ್ಲೇ ಏನು ಉಳಿದಿದೆ

ಡೀಲರ್ ಹತ್ರ ಇರೋ ಸೆಕೆಂಡ್ ಹ್ಯಾಂಡ್ ಕಾರಿನ ಗಾಜಿಗೆ ಬೈಯರ್ಸ್ ಗೈಡ್ ಅಂತ ಒಂದು ಕಾಗದ ಅಂಟಿಸಿರ್ಬೇಕು, ಅದು ಗ್ರಾಹಕರ ಹಿತ ನೋಡೋ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ರೂಲು. ಆಸ್ ಈಸ್ ಅಂತ ಟಿಕ್ ಆಗಿದ್ರೆ ಗೇಟ್ ದಾಟಿದ ಮೇಲೆ ರಿಪೇರಿ ಎಲ್ಲಾ ನಿಮ್ಮ ತಲೆ ಮೇಲೆ. ಹೊಸ ಪೋರ್ಷೆಗೆ ಅಮೆರಿಕದಲ್ಲಿ 4 ವರ್ಷ ಅಥವಾ 50,000 ಮೈಲಿ ವಾರಂಟಿ ಬರತ್ತೆ, ಯಾವುದು ಮೊದಲು ಮುಗಿಯತ್ತೋ ಅದು. ಪೋರ್ಷೆ ಡೀಲರೇ ಚೆಕ್ ಮಾಡಿ ಮಾರೋ ಸರ್ಟಿಫೈಡ್ ಕಾರಾದ್ರೆ 111 ಪಾಯಿಂಟ್ ಇನ್‌ಸ್ಪೆಕ್ಷನ್ ಆಗಿ, ಹಳೇ ವಾರಂಟಿ ಮುಗಿದ ಮೇಲೆ ಇನ್ನೂ 2 ವರ್ಷ, ಮೈಲಿ ಲೆಕ್ಕ ಇಲ್ಲದೆ ಸಿಗತ್ತೆ. ಅಂಥ ಕಾರಿಗೆ ಮೇಲಿಂದ ಇನ್ನೊಂದು ಕಾಂಟ್ರಾಕ್ಟ್ ಮೊದಲ ದಿನವೇ ಕೊಳ್ಳೋದು ದಂಡ, ಅದೇ ಎರಡು ವರ್ಷಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗೆ.

ಸ್ಟೆಪ್ 2: ಆ ಮಾಡೆಲ್ಲಿಗೆ ಯಾವ ಕಾಯಿಲೆ ಬರತ್ತೆ, ಪಟ್ಟಿ ಮಾಡಿ

ಇದನ್ನೇ ಜನ ಸ್ಕಿಪ್ ಮಾಡೋದು, ತೀರ್ಮಾನ ಎಲ್ಲಾ ನಿಂತಿರೋದೂ ಇದರ ಮೇಲೇನೇ. ಸ್ಪೋರ್ಟ್ಸ್ ಕಾರ್ ಅಂದ್ರೆ ಎಲ್ಲಾ ಒಂದೇ ಅಲ್ಲ, ಒಂದೇ ಹೆಸರಿನ ಕಾರಲ್ಲೂ ಒಂದು ವರ್ಷ ಆಚೀಚೆ ಆದ್ರೆ ಕಥೆನೇ ಬೇರೆ.

ಪೋರ್ಷೆನೇ ತಗೊಳ್ಳಿ. 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, ಕೇಮನ್, 1999ರಿಂದ 2008ರ ಮಾಮೂಲಿ 911 ಇವುಗಳ ಎಂಜಿನ್ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ಒಂದಿದೆ, ಅದರ ತುದೀಲಿ ಒಂದು ಪುಟ್ಟ ಬೇರಿಂಗು. ಐಎಂಎಸ್ ಬೇರಿಂಗ್ ಅಂತಾರೆ. ಅದು ಪುಡಿಯಾಯ್ತು ಅಂದ್ರೆ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚೋ ಲೆಕ್ಕ) ತಪ್ಪಿ ಪಿಸ್ಟನ್ನೂ ವಾಲ್ವೂ ಗುದ್ದಾಡಿ ಇಡೀ ಎಂಜಿನ್ನೇ ಹೋಗತ್ತೆ, ಹತ್ತಿಪ್ಪತ್ತು ಸಾವಿರ ಡಾಲರ್ ಮಾತು. ಇದಕ್ಕೆ ಕೋರ್ಟಲ್ಲಿ ಎಲ್ಲಾ ಓನರ್‌ಗಳ ಪರವಾಗಿ ಒಟ್ಟಿಗೆ ಹಾಕೋ ಕ್ಲಾಸ್ ಆಕ್ಷನ್ ಕೇಸೇ ನಡೆದು 2013ರಲ್ಲಿ ರಾಜಿ ಆಯ್ತು, ಅದೂ 2001ರಿಂದ 2005ರ ನಡುವೆ ತಯಾರಾದ ಕಾರುಗಳಿಗೆ ಮಾತ್ರ, ಆ ಪರಿಹಾರದ ಅವಧಿನೂ ಎಂದೋ ಮುಗೀತು. ಅದೇ ವರ್ಷಗಳ 911 ಟರ್ಬೋ, ಜಿಟಿ3 ಗಳಲ್ಲಿ ಮೆಟ್ಸ್‌ಗರ್ ಅನ್ನೋ ಬೇರೆ ಎಂಜಿನ್ ಇತ್ತು, ಅವಕ್ಕೆ ಈ ಕಾಟ ಇಲ್ಲ. 2009ರ ಮಾಡೆಲ್ಲಿಂದ ಹೊಸ ಎಂಜಿನ್ ಬಂತು, ಆ ಶಾಫ್ಟೇ ತೆಗೆದು ಹಾಕಿದ್ರು. ಅಂದ್ರೆ 2008ರ ಕೇಮನ್ನು 2009ರ ಕೇಮನ್ನು ಪಕ್ಕಪಕ್ಕ ನಿಲ್ಲಿಸಿದ್ರೆ ನೋಡೋಕೆ ಅಣ್ಣತಮ್ಮ, ಖರ್ಚಿನ ವಿಷಯದಲ್ಲಿ ಸಂಬಂಧನೇ ಇಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಐಎಂಎಸ್ ಬೇರಿಂಗಿಗೆ ಸರಿಯಾದ ಮದ್ದು ಏನಂದ್ರೆ ಕೆಡೋ ಮುಂಚೆನೇ ಬದಲಾಯಿಸೋದು, ಕ್ಲಚ್ ಹಾಕಿಸುವಾಗ ಹೇಗಿದ್ರೂ ಗೇರ್‌ಬಾಕ್ಸ್ ಇಳಿಸಿರ್ತಾರೆ, ಅದರ ಜೊತೆಗೇ ಮಾಡಿಸಿಬಿಡೋದು. (2006ರಿಂದ 2008ರ ಎಂಜಿನ್‌ಗಳಲ್ಲಿ ಬೇರಿಂಗು ದೊಡ್ಡದು, ಕೆಡೋದು ಕಡಿಮೆ, ಆದ್ರೆ ಎಂಜಿನ್ ಬಿಚ್ಚದೆ ಹೊರಗೆ ತೆಗೆಯೋಕೂ ಆಗಲ್ಲ.) ಹೀಗೆ ಮುಂಜಾಗ್ರತೆಗೆ ಬದಲಾಯಿಸೋದಕ್ಕೆ ಯಾವ ವಾರಂಟಿ ಕಂಪನಿನೂ ಒಂದು ಪೈಸೆ ಕೊಡಲ್ಲ, ಕೆಟ್ಟ ಮೇಲೆ ಬನ್ನಿ ಅಂತಾರೆ. ಬಿಎಂಡಬ್ಲ್ಯೂ ಇ92 ಎಂ3 ಯ ವಿ8 ಎಂಜಿನ್ನಿನ ರಾಡ್ ಬೇರಿಂಗ್ ಕಥೆನೂ ಇದೇ. ಸೋ 2006ಕ್ಕಿಂತ ಹಳೇ ಮ್ಯಾನ್ಯುಯಲ್ ಬಾಕ್ಸ್‌ಸ್ಟರಿಗೆ ವಾರಂಟಿಗೆ ಹಾಕೋ ಮೂರ್ನಾಲ್ಕು ಸಾವಿರನ ನೇರವಾಗಿ ಕ್ಲಚ್ ಮತ್ತು ಬೇರಿಂಗ್ ಕೆಲಸಕ್ಕೆ ಹಾಕೋದೇ ಜಾಣತನ ಅಂತ ನನ್ನ ಅಭಿಪ್ರಾಯ. ಅಷ್ಟು ಹಳೇ ಕಾರಿಗೆ ಸುಮಾರು ಕಂಪನಿಗಳು ಕಾಂಟ್ರಾಕ್ಟೇ ಕೊಡಲ್ಲ ಬಿಡಿ.

2009ರಿಂದ ಈಚಿನ ಕಾರಲ್ಲಿ ಪಿಡಿಕೆ ಇದ್ರೆ ಲೆಕ್ಕ ಉಲ್ಟಾ. ಪಿಡಿಕೆ ಅಂದ್ರೆ ಪೋರ್ಷೆಯ ಡಬಲ್ ಕ್ಲಚ್ ಆಟೋಮ್ಯಾಟಿಕ್, ಗಟ್ಟಿ ಗೇರ್‌ಬಾಕ್ಸೇ, ಆದ್ರೆ ಕೆಟ್ಟಾಗ ಒಳಗಿನ ಒಂದು ಸೆನ್ಸರ್ ಹೋಗಿದ್ರೂ ಡೀಲರ್ ಕಡೆಯಿಂದ ಬಹಳ ವರ್ಷ ಬರ್ತಿದ್ದ ಉತ್ತರ ಇಡೀ ಗೇರ್‌ಬಾಕ್ಸ್ ಬದಲಾಯಿಸಿ ಅಂತ. ಇಲ್ಲಿ ಮುಂಚೆನೇ ಮಾಡಿಸೋ ಮದ್ದು ಇಲ್ಲ, ಯಾವಾಗ ಹೋಗತ್ತೆ ಗೊತ್ತಾಗಲ್ಲ, ಹೋದ್ರೆ ಒಂದೇ ಏಟಿಗೆ ದೊಡ್ಡ ಬಿಲ್ಲು. ವಾರಂಟಿ ಅನ್ನೋದು ಇರೋದೇ ಇಂಥ ಕಾಯಿಲೆಗೆ.

ಸ್ಟೆಪ್ 3: ಮಾರೋನಿಗೆ ಸಂಬಂಧ ಇಲ್ಲದ ಗ್ಯಾರೇಜಲ್ಲಿ ತೋರಿಸಿ

ಪಿಪಿಐ ಅಂತಾರೆ, ಕೊಳ್ಳೋ ಮುಂಚಿನ ತಪಾಸಣೆ, ಕೆಲವು ನೂರು ಡಾಲರ್ ಆಗತ್ತೆ. ಬರೀ ಟೆಸ್ಟ್ ಡ್ರೈವ್ ಮಾಡಿ ಬ್ರೇಕ್ ನೋಡಿ ಕಳಿಸೋ ಪಿಪಿಐ ಬೇಡ. ಮೂರು ಕೆಲಸ ಕೇಳಿ ಮಾಡಿಸಿ. ಒಂದು, ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡೋದು. ಒಳ್ಳೇ ಎಂಜಿನ್ನಿಂದು ಬರೀ ಕಪ್ಪು ಎಣ್ಣೆ, ಬೇರಿಂಗ್ ಸವೀತಿದ್ರೆ ಮಡಿಕೆ ಸಂದೀಲಿ ಮಿಣಿಮಿಣಿ ಲೋಹದ ಚೂರು ಕಾಣತ್ತೆ, ಆಯಸ್ಕಾಂತ ತಂದ್ರೆ ಉಕ್ಕಿನ ಚೂರು ಅಂಟ್ಕೊಳ್ಳತ್ತೆ. ಎರಡು, ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡೋದು, 2008ರವರೆಗಿನ ಎಂಜಿನ್‌ಗಳಲ್ಲಿ, ಅದರಲ್ಲೂ 3.8 ಲೀಟರಿನದ್ರಲ್ಲಿ, ಗೋಡೆ ಮೇಲೆ ಉದ್ದುದ್ದ ಗೀರು ಬೀಳೋ ಬೋರ್ ಸ್ಕೋರಿಂಗ್ ಸಮಸ್ಯೆ ಇದೆ. ಒಂದು ಬದಿ ಸೈಲೆನ್ಸರ್ ಬಾಯಿ ಮಾತ್ರ ಮಸಿ ಹಿಡಿದಿದ್ರೆ, ಎಂಜಿನ್ ಟಿಕ್ ಟಿಕ್ ಅಂತಿದ್ರೆ ಅನುಮಾನ ಪಡಿ. ಮೂರು, ಕಂಪ್ಯೂಟರಿಂದ ಓವರ್‌ರೆವ್ ರಿಪೋರ್ಟ್ ತೆಗೆಸೋದು. ಎಂಜಿನ್ನು ಮಿತಿ ಮೀರಿ ಎಷ್ಟು ಸಲ ತಿರುಗಿದೆ, ಕೊನೇದು ಯಾವ ಎಂಜಿನ್ ಗಂಟೇಲಿ ಅಂತ ಅದರಲ್ಲಿ ಇರತ್ತೆ. ಮಾರೋನು ಬರೀ ಭಾನುವಾರ ದೇವಸ್ಥಾನಕ್ಕೆ ಓಡಿಸಿದ್ದು ಸರ್ ಅಂದಿದ್ದು ನಿಜನಾ ಸುಳ್ಳಾ ಅಲ್ಲೇ ಗೊತ್ತಾಗತ್ತೆ.

ಈ ಪಿಪಿಐ ರಿಪೋರ್ಟ್ ಎರಡಲಗಿನ ಕತ್ತಿ ಅನ್ನೋದೂ ನೆನಪಿರಲಿ. ಇದರಲ್ಲಿ ಆಯಿಲ್ ಲೀಕ್ ಅಂತ ಬರೆದಿದ್ರೆ ಅದು ಮೊದಲೇ ಇದ್ದ ತೊಂದರೆ, ಪ್ರೀ ಎಕ್ಸಿಸ್ಟಿಂಗ್, ವಾರಂಟಿ ಅದಕ್ಕೆ ಕೊಡಲ್ಲ. ಹಾಗಂತ ಮುಚ್ಚಿಡೋದಲ್ಲ, ಕಾರಿನ ರೇಟಲ್ಲೇ ಅದನ್ನ ಇಳಿಸಿ.

ಸ್ಟೆಪ್ 4: ಕಾಂಟ್ರಾಕ್ಟನ್ನ ಹಿಂದಿನಿಂದ ಓದಿ

ಬ್ರೋಷರ್ ಬೇಡ, ಪೂರ್ತಿ ಕಾಂಟ್ರಾಕ್ಟ್ ಇಮೇಲ್ ಮಾಡಿ ಅನ್ನಿ. ಸೈನ್ ಹಾಕೋ ಮುಂಚೆ ಕೊಡಲ್ಲ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ. ಬಂದ ಮೇಲೆ ನೇರ ಏನೇನು ಕವರ್ ಇಲ್ಲ ಅಂತ ಬರೆದಿರೋ ಎಕ್ಸ್‌ಕ್ಲೂಷನ್ ಪುಟಕ್ಕೆ ಹೋಗಿ, ಪಕ್ಕದಲ್ಲಿ ಸ್ಟೆಪ್ 2ರ ಪಟ್ಟಿ ಇಟ್ಕೊಂಡು ಜಾತಕ ಕೂಡಿಸೋ ಥರ ಒಂದೊಂದೇ ಕೂಡಿಸಿ ನೋಡಿ. ನಿಮ್ಮ ಕಾರಿನ ದೊಡ್ಡ ಖರ್ಚಿನ ಕಾಯಿಲೆ ಆ ಪುಟದಲ್ಲಿ ಕೂತಿದ್ರೆ ಮಾತೇ ಇಲ್ಲ, ಬೇಡ.

ಕಾಂಟ್ರಾಕ್ಟಲ್ಲಿ ಎರಡು ಜಾತಿ. ಒಂದು, ಇಂತಿಂಥ ಪಾರ್ಟ್ ಮಾತ್ರ ಕವರ್ ಅಂತ ಪಟ್ಟಿ ಕೊಡೋದು, ಪಟ್ಟೀಲಿ ಇಲ್ಲದ್ದು ಇಲ್ಲ. ಇನ್ನೊಂದು, ಇಂತಿಂಥದ್ದು ಬಿಟ್ಟು ಎಲ್ಲಾ ಕವರ್ ಅನ್ನೋದು. ಎಲೆಕ್ಟ್ರಾನಿಕ್ಸ್ ತುಂಬಿರೋ, ಮೇಲ್ಛಾವಣಿ ಮೋಟರಲ್ಲಿ ಮಡಚೋ ಕಾರಿಗೆ ಎರಡನೇದೇ ಬೇಕು, ಮೊದಲನೇದ್ರಲ್ಲಿ ಆ ಛಾವಣಿ ಮೋಟರ್ ಹುಡುಕಿದ್ರೂ ಸಿಗಲ್ಲ.

ಆಮೇಲೆ ಬ್ರೇಕ್‌ಡೌನ್ ಅಂದ್ರೆ ಏನು ಅಂತ ಅವರು ಹೇಗೆ ಬರೆದಿದ್ದಾರೆ ನೋಡಿ. ಪಾರ್ಟ್ ಪೂರ್ತಿ ನಿಂತು ಹೋದ್ರೆ ಮಾತ್ರನಾ, ಸವೆದು ಕಂಪನಿ ಮಿತಿ ದಾಟಿದ್ರೂ ಲೆಕ್ಕನಾ? ಬೋರ್ ಸ್ಕೋರಿಂಗ್ ಥರದ್ದು ಒಂದೇ ದಿನ ಆಗೋದಲ್ಲ, ನಿಧಾನಕ್ಕೆ ಆಗೋದು, ಅದು ಸವೆತ ಸರ್ ಅಂತ ಒಂದೇ ಮಾತಲ್ಲಿ ಕ್ಲೇಮ್ ತಳ್ಳಿಬಿಡ್ತಾರೆ.

ಮುಂದಿನದು ಗಂಟೆ ಕೂಲಿ. ಡೀಲರ್ ಗ್ಯಾರೇಜಲ್ಲಿ ಗಂಟೆಗೆ 200 ಡಾಲರ್ ದಾಟಿರೋ ಕಡೆ ಕಾಂಟ್ರಾಕ್ಟು ಅದರ ಅರ್ಧಕ್ಕೆ ಮಿತಿ ಹಾಕಿದ್ರೆ ಉಳಿದಿದ್ದು ನಿಮ್ಮ ಜೇಬಿಂದ, ಇಪ್ಪತ್ತು ಗಂಟೆ ಕೆಲಸಕ್ಕೆ ಎಷ್ಟಾಯ್ತು ನೀವೇ ಗುಣಿಸಿ. ಟಿಯರ್‌ಡೌನ್ ಅನ್ನೋದು ಇನ್ನೊಂದು ಗುಂಡಿ. ಎಂಜಿನ್ ಬಿಚ್ಚಿ ಕಾರಣ ತೋರಿಸಿ ಅಂತಾರೆ, ಬಿಚ್ಚೋಕೆ ಒಪ್ಪಿಗೆ ಕೊಡ್ಬೇಕಾದೋರು ನೀವು, ಕಾರಣ ಕವರ್ ಆಗದೇ ಇರೋದು ಅಂತ ಹೊರಬಿದ್ರೆ ಬಿಚ್ಚಿದ ಕೂಲಿನೂ ನಿಮ್ಮದೇ, ಬಿಚ್ಚಿಟ್ಟ ಎಂಜಿನ್ನೂ ನಿಮ್ಮದೇ.

ಟೈರು, ಬ್ರೇಕ್ ಪ್ಯಾಡು, ಕ್ಲಚ್ಚು ಸಾಮಾನ್ಯವಾಗಿ ಕವರ್ ಇರಲ್ಲ. ಸೆರಾಮಿಕ್ ಬ್ರೇಕ್ ಇರೋ ಕಾರಾದ್ರೆ ಅದರ ಡಿಸ್ಕುಗಳ ರೇಟು ಕೇಳಿಯೇ ಮುಂದುವರಿಯಿರಿ. ಹಳೇ ಓನರ್ ಎಕ್ಸಾಸ್ಟು, ಎಂಜಿನ್ ಟ್ಯೂನು ಏನಾದ್ರೂ ಬದಲಾಯಿಸಿದ್ರೆ ಅದೇ ನೆಪ ಆಗತ್ತೆ. ರೇಸ್ ಟ್ರ್ಯಾಕಿಗೆ ಹೋದ್ರಂತೂ ಮುಗೀತು. ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಲ್ಲಿ ಟ್ರ್ಯಾಕ್ ಡೇ ಮಾಡಿ ಫೋಟೋನ ಇನ್‌ಸ್ಟಾಗ್ರಾಮಿಗೆ ಹಾಕೋರು ಕ್ಲೇಮ್ ನೋಡೋನಿಗೂ ಇಂಟರ್ನೆಟ್ ಇದೆ ಅನ್ನೋದನ್ನ ಮರೀಬಾರ್ದು.

ಸ್ಟೆಪ್ 5: ದುಡ್ಡು ಕೊಡೋನು ಯಾರು

ಕಾಗದದ ಮೇಲೆ ಮೂರು ಹೆಸರು ಇರತ್ತೆ, ಮಾರೋನು, ಕ್ಲೇಮ್ ನೋಡೋ ಅಡ್ಮಿನಿಸ್ಟ್ರೇಟರು, ಹಿಂದೆ ನಿಂತಿರೋ ಇನ್ಶೂರೆನ್ಸ್ ಕಂಪನಿ. ಮೂರನೇ ಹೆಸರೇ ಇಲ್ಲ ಅಂದ್ರೆ ದೂರ ಇರಿ. ಮಿಸೌರಿಯ ಯುಎಸ್ ಫಿಡೆಲಿಸ್ ಅನ್ನೋ ಕಂಪನಿ ದೇಶ ಪೂರ್ತಿ ಫೋನ್ ಮಾಡಿ ಇಂಥ ಕಾಂಟ್ರಾಕ್ಟ್ ಮಾರಿ 2010ರಲ್ಲಿ ದಿವಾಳಿ ಅರ್ಜಿ ಹಾಕ್ತು. ಟಿವೀಲಿ ಸೆಲೆಬ್ರಿಟಿಗಳನ್ನ ತೋರಿಸೋ ಕಾರ್‌ಶೀಲ್ಡ್ ಮೇಲೆ ಜಾಹೀರಾತಲ್ಲಿ ಜನರ ದಾರಿ ತಪ್ಪಿಸಿದ್ರು ಅಂತ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿ, 2024ರಲ್ಲಿ 1 ಕೋಟಿ ಡಾಲರಿಗೆ ರಾಜಿ ಆಯ್ತು. ಇನ್ನು ನಿಮ್ಮ ಕಾರಿನ ವಾರಂಟಿ ಮುಗೀತಾ ಬಂತು ಅಂತ ಬರೋ ಆ ರೆಕಾರ್ಡೆಡ್ ಕಾಲ್ ಇದೆಯಲ್ಲ, ಅದರ ಹಿಂದಿದ್ದ ಒಂದು ಜಾಲಕ್ಕೆ 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ಬಿತ್ತು. ಫೋನಲ್ಲಿ ಬಂದಿದ್ದನ್ನ ಕೊಳ್ಳಲೇಬೇಡಿ, ಅಷ್ಟೇ.

ಸ್ಟೆಪ್ 6: ಲೆಕ್ಕ

ಕಾಂಟ್ರಾಕ್ಟು 4,000 ಡಾಲರ್ ಅಂದ್ಕೊಳ್ಳಿ. ಲೋನಿಗೆ ಸೇರಿಸಿದ್ರೆ 8 ಪರ್ಸೆಂಟಿಗೆ ಐದು ವರ್ಷಕ್ಕೆ ತಿಂಗಳಿಗೆ 81 ಡಾಲರ್, ಒಟ್ಟು ಸುಮಾರು 4,866. ಫೈನಾನ್ಸ್ ರೂಮಿನ ಬರೀ 80 ಡಾಲರ್ ಅಂದ್ರೆ ಇದು. ಅದರ ಮೇಲೆ ಪ್ರತಿ ಕ್ಲೇಮಿಗೂ ಡಿಡಕ್ಟಿಬಲ್, ಅಂದ್ರೆ ನಿಮ್ಮ ಜೇಬಿಂದ ಹಾಕ್ಬೇಕಾದ ಪಾಲು. ಕಂಪನಿ ನಡೀಬೇಕು, ಡೀಲರಿಗೆ ಕಮಿಷನ್ ಹೋಗ್ಬೇಕು, ಹಾಗಾಗಿ ಸರಾಸರಿ ಗಿರಾಕಿ ಕಟ್ಟಿದ್ದಕ್ಕಿಂತ ಕಡಿಮೆನೇ ವಾಪಸ್ ಪಡೀತಾನೆ, ಇಲ್ಲಾಂದ್ರೆ ಆ ವ್ಯಾಪಾರನೇ ಇರ್ತಿರ್ಲಿಲ್ಲ.

ಆದ್ರೆ ಎಲ್ರೂ ಸರಾಸರಿ ಅಲ್ವಲ್ಲ. ಕಾರ್ ಬಗ್ಗೆ ಬರೆಯೋ, ವಿಡಿಯೋ ಮಾಡೋ ಡಗ್ ಡಿಮುರೋ 2006ರ ರೇಂಜ್ ರೋವರಿಗೆ ಹಳೇ ಕಾರು ಮಾರೋ ಕಾರ್‌ಮ್ಯಾಕ್ಸ್ ಕಂಪನಿಯ ವಾರಂಟಿ ಹಾಕ್ಕೊಂಡು, ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ರಿಪೇರಿ ಮಾಡಿಸ್ಕೊಂಡ, ಆಮೇಲೆ ಆಸ್ಟನ್ ಮಾರ್ಟಿನ್ ಒಂದಕ್ಕೂ ಅದೇ ವಾರಂಟಿ ಹಾಕ್ಕೊಂಡ. ಅವನ ಕಥೆ ಕೇಳಿ ಕುಣಿಯೋ ಮುಂಚೆ ನೋಡಿ, ಅವನು ಆರಿಸಿದ್ದು ಕೆಡೋದಕ್ಕೇ ಹೆಸರಾದ ಕಾರು, ಕಾಂಟ್ರಾಕ್ಟು ಬಹುತೇಕ ಎಲ್ಲಾ ಕವರ್ ಮಾಡೋ ಜಾತಿದು.

ನಾನು ಕೇಳೋ ಪ್ರಶ್ನೆ ಒಂದೇ. ನಾಳೆ ಬೆಳಿಗ್ಗೆ 15,000 ಡಾಲರ್ ಬಿಲ್ ಬಂದ್ರೆ ಮನೆ ಕಂತು, ಊರಿಗೆ ಕಳಿಸೋ ದುಡ್ಡು ಯಾವುದೂ ಅಲ್ಲಾಡದೆ ಕಟ್ತೀರಾ? ಕಟ್ತೀನಿ ಅಂದ್ರೆ ವಾರಂಟಿ ಬೇಡ, ಅದೇ 4,000ನ ಬೇರೆ ಅಕೌಂಟಲ್ಲಿ ಹಾಕಿ ತಿಂಗಳಿಗೆ 100 ಸೇರಿಸ್ತಾ ಹೋಗಿ, ಏನೂ ಕೆಡದಿದ್ರೆ ದುಡ್ಡು ನಿಮ್ಮದೇ. ಕಷ್ಟ ಆಗತ್ತೆ, ಕಾರೂ ಪಿಡಿಕೆ ಇರೋದು, ಪಿಪಿಐ ಕ್ಲೀನು, ಕಾಂಟ್ರಾಕ್ಟಲ್ಲಿ ಗೇರ್‌ಬಾಕ್ಸ್ ಸರಿಯಾಗಿ ಕವರ್ ಇದೆ ಅಂದ್ರೆ ತಗೊಳ್ಳಿ. ಕಷ್ಟ ಆಗತ್ತೆ, ಒಳ್ಳೇ ಕಾಂಟ್ರಾಕ್ಟೂ ಸಿಕ್ತಿಲ್ಲ ಅಂದ್ರೆ ಆ ಕಾರೇ ಬೇಡ, ಮಾಜ್ಡಾ ಮಿಯಾಟಾ ಅನ್ನೋ ಪುಟ್ಟ ಸ್ಪೋರ್ಟ್ಸ್ ಕಾರು ತಗೊಳ್ಳಿ. ಮಜಾ ಏನೂ ಕಡಿಮೆ ಇಲ್ಲ ಅದರಲ್ಲಿ.

ಸ್ಟೆಪ್ 7: ತಗೊಳ್ಳೋದೇ ಆದ್ರೆ

ರೇಟು ಫಿಕ್ಸ್ ಅಲ್ಲ, ಚೌಕಾಸಿ ಮಾಡಿ, ಇನ್ನೊಂದು ಡೀಲರ್ ಹತ್ರನೂ ಕೊಟೇಷನ್ ಕೇಳಿ. ಇವತ್ತೇ ಹಾಕ್ಕೊಂಡ್ರೆ ಮಾತ್ರ ಈ ರೇಟು ಅನ್ನೋದನ್ನ ನಂಬಬೇಡಿ. ಹೊರಗಿನ ಕಂಪನಿಗಳಲ್ಲಿ ಸಾಮಾನ್ಯವಾಗಿ ಮೊದಲ 30 ದಿನ, 1,000 ಮೈಲಿ ಕಾಯೋ ಅವಧಿ ಇರತ್ತೆ, ಅಷ್ಟರಲ್ಲಿ ಕೆಟ್ರೆ ಕೊಡಲ್ಲ. ಕ್ಯಾನ್ಸಲ್ ಮಾಡಿ ಪೂರ್ತಿ ದುಡ್ಡು ವಾಪಸ್ ಪಡೆಯೋಕೂ ಶುರುವಲ್ಲಿ ಒಂದು ಗಡುವು ಇರತ್ತೆ, ಆ ತಾರೀಖನ್ನ ಫೋನಲ್ಲಿ ರಿಮೈಂಡರ್ ಹಾಕಿ, ಆಮೇಲೆ ಮಾಡಿದ್ರೆ ಉಳಿದ ಅವಧಿ ಲೆಕ್ಕದಲ್ಲಿ ಬರತ್ತೆ. ಲೋನಿಗೆ ಸೇರಿಸಿದ್ರೆ ಆ ದುಡ್ಡು ನಿಮ್ಮ ಕೈಗಲ್ಲ, ಬ್ಯಾಂಕಿಗೆ ಹೋಗಿ ಸಾಲದಲ್ಲಿ ಕಳೆಯತ್ತೆ, ಕಂತು ಅಷ್ಟೇ ಇರತ್ತೆ, ಗಾಬರಿ ಆಗ್ಬೇಡಿ. ಕಾರ್ ಮಾರುವಾಗ ಕಾಂಟ್ರಾಕ್ಟನ್ನ ಮುಂದಿನ ಓನರಿಗೆ ವರ್ಗಾಯಿಸೋಕೆ ಆಗತ್ತಾ, ಫೀಸ್ ಎಷ್ಟು ಅಂತ ಮೊದಲೇ ಕೇಳಿಟ್ಕೊಳ್ಳಿ. ಆಯಿಲ್ ಚೇಂಜ್ ಮನೇಲೇ ಮಾಡ್ಕೊಳ್ಳೋರಾದ್ರೆ ಎಣ್ಣೆ, ಫಿಲ್ಟರ್ ಕೊಂಡ ಬಿಲ್ಲು, ಆವತ್ತಿನ ಓಡೋಮೀಟರ್ ಫೋಟೋ ಎರಡನ್ನೂ ತಾರೀಖು ಸಮೇತ ಒಂದು ಫೋಲ್ಡರಿಗೆ ಹಾಕ್ತಾ ಹೋಗಿ, ಕ್ಲೇಮ್ ದಿನ ಅವರು ಮೊದಲು ಕೇಳೋದೇ ಅದನ್ನ.