ಉದ್ಯಾನಕ್ಕೆ ಬೆಲೆ ಕಟ್ಟುವ ಕ್ರಮ: ಲಾಲ್‌ಬಾಗ್‌ನ ನಿದರ್ಶನ

ಸಾರ್ವಜನಿಕ ಉದ್ಯಾನವೊಂದರ ಆರ್ಥಿಕ ಪ್ರಯೋಜನವನ್ನು ಲೆಕ್ಕ ಹಾಕಲು ಹೊರಟವರು ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಸುಮಾರು 240 ಎಕರೆಯ ಲಾಲ್‌ಬಾಗ್ ಇಲ್ಲವಾದರೆ ಬೆಂಗಳೂರಿಗಾಗುವ ನಷ್ಟವೆಷ್ಟು ಎಂಬುದು ಒಂದು ಪ್ರಶ್ನೆ. ಅದರ ಅಂಚಿನ ಒಂದು ಎಕರೆಯನ್ನು ರಸ್ತೆಗೆ ಬಿಟ್ಟುಕೊಟ್ಟರೆ ಆಗುವ ನಷ್ಟವೆಷ್ಟು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯ ಉತ್ತರವನ್ನು 240ರಿಂದ ಭಾಗಿಸಿದರೆ ಎರಡನೆಯದು ಸಿಗುವುದಿಲ್ಲ, ಏಕೆಂದರೆ ಹಳೆಯ ಮರಗಳಿರುವ ಎಕರೆಯೂ ಬರಿಯ ಬಂಡೆಯ ಎಕರೆಯೂ ಸಮನಲ್ಲ.

ಪ್ರವೇಶ ಶುಲ್ಕದ ಸಂಗ್ರಹವನ್ನೇ ಪ್ರಯೋಜನವೆಂದು ತಿಳಿಯುವುದು ಸಾಮಾನ್ಯ ತಪ್ಪು. ಅದಕ್ಕಿಂತ ನಂಬಲರ್ಹವಾದದ್ದು, ಜನ ಬಂದುಹೋಗಲು ಮಾಡುವ ಖರ್ಚನ್ನೇ ಭೇಟಿಯ ಬೆಲೆಯೆಂದು ನೋಡುವ ಪ್ರಯಾಣ ವೆಚ್ಚ ವಿಧಾನ. ಇದರ ಮೂಲ ಕಲ್ಪನೆಯನ್ನು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಸೂಚಿಸಿದ್ದರು. ಗೇಟಿನ ಬಳಿ ನಿಂತು, ಬಂದವರ ಬಡಾವಣೆ, ಬಂದ ಬಗೆ, ತಗುಲಿದ ಖರ್ಚು ಮತ್ತು ಸಮಯವನ್ನು ಕೇಳಿ ಬರೆದುಕೊಳ್ಳಿ. ಸಮಯಕ್ಕೆ ಗಂಟೆಯ ದುಡಿಮೆಯ ಮೂರನೇ ಒಂದು ಭಾಗದಷ್ಟು ಬೆಲೆ ಹಾಕುವುದು ರೂಢಿ. ಆಮೇಲೆ ಪ್ರತಿ ಬಡಾವಣೆಯ ಸಾವಿರ ನಿವಾಸಿಗಳಿಗೆ ವರ್ಷಕ್ಕೆ ಎಷ್ಟು ಭೇಟಿಗಳೆಂದು ಲೆಕ್ಕ ಮಾಡಿದರೆ, ಖರ್ಚು ಏರಿದಂತೆ ಭೇಟಿ ಎಷ್ಟು ಇಳಿಯುತ್ತದೆಂಬುದು ಕಾಣುತ್ತದೆ. ಬಸವನಗುಡಿಯಿಂದ 10 ರೂಪಾಯಿ ಖರ್ಚಿನಲ್ಲಿ ಬರುವವರು 60 ರೂಪಾಯಿ ತಗುಲಿದರೂ ಬರುತ್ತಿದ್ದರೆನ್ನೋಣ. ಆ 50 ರೂಪಾಯಿಯೇ ಉದ್ಯಾನ ಅವರಿಗೆ ಕೊಟ್ಟ ಲಾಭ.

ಸಮೀಕ್ಷೆಯ ದಿನಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಸೇರುವ ಜನಸಂದಣಿಯನ್ನು ಪ್ರತ್ಯೇಕವಾಗಿ ಎಣಿಸದಿದ್ದರೆ ವರ್ಷದ ಸರಾಸರಿ ಹಿಗ್ಗಿಬಿಡುತ್ತದೆ. ಲಾಲ್‌ಬಾಗ್ ಸುತ್ತಿ ವಿ.ವಿ. ಪುರದ ತಿಂಡಿ ಬೀದಿಗೆ ಹೋಗುವವರ ಪ್ರಯಾಣದ ಖರ್ಚನ್ನು ಪೂರ್ತಿ ಉದ್ಯಾನಕ್ಕೆ ಹಚ್ಚುವುದೂ ಸರಿಯಲ್ಲ. ದೋಸೆಗೂ ಅದರ ಪಾಲು ಸಲ್ಲಬೇಕು.

ಎರಡನೆಯ ದಾರಿ ಸುತ್ತಲಿನ ಮನೆಗಳ ಬೆಲೆಯನ್ನು ಹೋಲಿಸುವುದು. ಸೈಟಿನ ಅಳತೆ, ಮೆಟ್ರೋ ದೂರ, ರಸ್ತೆಯ ಅಗಲ ಇವುಗಳ ಪರಿಣಾಮವನ್ನು ಬೇರ್ಪಡಿಸಿದ ಮೇಲೆ ಉಳಿಯುವ ವ್ಯತ್ಯಾಸ ಉದ್ಯಾನದ್ದು. ನೋಂದಣಿ ಪತ್ರದ ಮೊತ್ತಕ್ಕೂ ಕೈಬದಲಾದ ಮೊತ್ತಕ್ಕೂ ಅಂತರ ಇರಬಹುದಾದ್ದರಿಂದ ಅದೊಂದನ್ನೇ ನೆಚ್ಚಬಾರದು. ಜೊತೆಗೆ, ಹತ್ತಿರದ ನಿವಾಸಿಯ ವಾಯುವಿಹಾರದ ಲಾಭ ಮನೆಯ ಬೆಲೆಯಲ್ಲಿ ಆಗಲೇ ಸೇರಿರುತ್ತದೆ. ಅದನ್ನು ಪ್ರಯಾಣ ವೆಚ್ಚದ ಲಾಭಕ್ಕೆ ಮತ್ತೆ ಕೂಡಿಸಿದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಮಳೆನೀರಿನ ಲೆಕ್ಕ ಸುಲಭ. ಒಂದು ಎಕರೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಕಾಂಕ್ರೀಟಿಗಿಂತ ಮಣ್ಣು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವ ಪಾಲಿಗೆ, ಅಷ್ಟು ನೀರು ಸಾಗಿಸಲು ಚರಂಡಿ ಕಟ್ಟುವ ಖರ್ಚನ್ನು ಬೆಲೆಯಾಗಿ ಹಿಡಿಯಬಹುದು.

ಮರಗಳ ವಿಷಯದಲ್ಲಿ ಮಾತ್ರ ಸಿದ್ಧ ಸೂತ್ರಗಳನ್ನು ಅನುಮಾನದಿಂದಲೇ ನೋಡಬೇಕು. ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿಯೊಂದು ಮರದ ವಯಸ್ಸನ್ನು 74,500 ರೂಪಾಯಿಯಿಂದ ಗುಣಿಸಲು ಹೇಳಿತ್ತು. ಅದರಲ್ಲಿ 45,000 ರೂಪಾಯಿ ಆಮ್ಲಜನಕದ ಬೆಲೆಯೇ. ಗಾಳಿಯಲ್ಲಿ ಸುಮಾರು ಶೇ. 21ರಷ್ಟಿರುವ ಆಮ್ಲಜನಕ ಒಂದು ಮರ ಉರುಳಿದ್ದರಿಂದ ಯಾರಿಗೂ ಕೊರತೆಯಾಗುವುದಿಲ್ಲ. ಆ ಬಾಬ್ತನ್ನು ಕೈಬಿಟ್ಟು ನೆರಳು, ತಂಪು, ದೂಳು ತಡೆಯುವಿಕೆಗಳನ್ನಷ್ಟೇ ಎಣಿಸಿದರೆ ಮೊತ್ತ ಇಳಿದರೂ ವಾದ ಗಟ್ಟಿಯಾಗಿ ನಿಲ್ಲುತ್ತದೆ.

ಕೊನೆಗೆ ಸಿಗುವುದು ವಾರ್ಷಿಕ ಮೊತ್ತ, ಜಮೀನಿನ ದರ ಒಂದೇ ಸಲದ್ದು. ಎರಡನ್ನೂ ನೇರವಾಗಿ ಹೋಲಿಸಲಾಗದು. ವರ್ಷಕ್ಕೆ 1 ಕೋಟಿ ರೂಪಾಯಿಯ ನಿರಂತರ ಲಾಭ ಶೇ. 4ರ ಬಡ್ಡಿ ದರದಲ್ಲಿ ಇಂದಿನ 25 ಕೋಟಿಗೆ, ಶೇ. 8ರ ದರದಲ್ಲಿ 12.5 ಕೋಟಿಗೆ ಸಮ ಆಗುವುದರಿಂದ ವರದಿಯಲ್ಲಿ ಎರಡನ್ನೂ ಕೊಡಬೇಕು. ಮಾರಾಟದ ದರವನ್ನು ಎದುರಿಗಿಡುವವರಿಗೆ ಬಿ.ಎಸ್. ಮುದ್ದಪ್ಪ ಪ್ರಕರಣವನ್ನು ತೋರಿಸಬಹುದು: ಬೆಂಗಳೂರಿನಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ.