ಭಿನ್ನರಾಶಿಯ ಭಾಗಾಕಾರಕ್ಕೆ ಕಿರು ವಿಡಿಯೊ: ನನ್ನ ಅನುಭವ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಕಲಿಸುವ ಮಕ್ಕಳು ಭಿನ್ನರಾಶಿಯ ಭಾಗಾಕಾರದ ವಿಡಿಯೊ ನೋಡುವಾಗ ಎಲ್ಲವೂ ತಿಳಿಯಿತೆಂದು ತಲೆಯಾಡಿಸುತ್ತಿದ್ದರು. ಹೊಸ ಲೆಕ್ಕ ಕೊಟ್ಟರೆ ಮಾತ್ರ ಯಾವ ಭಿನ್ನರಾಶಿಯನ್ನು ತಿರುವಿ ಬರೆಯಬೇಕೆಂಬಲ್ಲಿಯೇ ತಡವರಿಸುತ್ತಿದ್ದರು. ನಮಗೆ ಸಿಕ್ಕ ವಿಡಿಯೊಗಳು ದೀರ್ಘವಾಗಿದ್ದು, ನಿಯಮವನ್ನೂ ಉತ್ತರವನ್ನೂ ತಾವೇ ಹೇಳಿಬಿಡುತ್ತಿದ್ದವು.

ಆದ್ದರಿಂದ ನಾನೇ ಫೋನಿನಲ್ಲಿ ಕಿರು ವಿಡಿಯೊಗಳನ್ನು ಮಾಡಿದೆ. ಮುಕ್ಕಾಲು ಮೀಟರ್ ರಿಬ್ಬನ್ನನ್ನು 1/8 ಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಎಷ್ಟು ತುಂಡುಗಳಾಗುತ್ತವೆ ಎಂದು ಕೇಳಿ, ಅಲ್ಲಿಯೇ ವಿಡಿಯೊ ನಿಲ್ಲಿಸಲು ಹೇಳುತ್ತೇನೆ. ಮಕ್ಕಳು ಚಿತ್ರ ಬರೆದು, 3/4 ಎಂದರೆ 6/8 ಎಂದು ಗುರುತಿಸಿ, ಆರು ತುಂಡುಗಳನ್ನು ಎಣಿಸಿದ ಬಳಿಕವೇ 3/4 × 8 = 6 ಎಂಬ ಹಂತವನ್ನು ನೋಡುತ್ತಾರೆ. ಒಂದು ಮೀಟರಿನಲ್ಲಿ ಅಂಥ ಎಂಟು ತುಂಡುಗಳಿರುವುದರಿಂದಲೇ ಎಂಟರಿಂದ ಗುಣಿಸುತ್ತೇವೆ ಎಂಬ ಕಾರಣ ಇಲ್ಲಿ ಕಣ್ಣಿಗೇ ಕಾಣುತ್ತದೆ; ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇದೇ.

ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸುಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನವು ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳೇ ವೀಕ್ಷಕರನ್ನು ಹೆಚ್ಚು ಹಿಡಿದಿಡುತ್ತವೆಂದು ಕಂಡುಕೊಂಡಿತ್ತು. ಶಾಲಾ ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಅವಧಿ ಲೇಸು. ಅಂಶ, ಛೇದ ಮುಂತಾದ ಪದಗಳನ್ನು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕದಲ್ಲಿರುವಂತೆಯೇ ಉಳಿಸಿಕೊಂಡೆ. ಈಗ ಮಕ್ಕಳು ನಿಯಮ ನೆನಪಾಗದಿದ್ದರೆ ಚಿತ್ರ ಬರೆದು ಉತ್ತರಕ್ಕೆ ತಲುಪುತ್ತಾರೆ.